ಹಣೆಗೆ ಪೆಟ್ಟು ಬಿತ್ತು, ಹಣೆಬರಹ ಕಾಣಿಸ್ತು: ಗೇಮಿನೊಳಗೆ ಮರುಹುಟ್ಟು ಪಡೆದ ಕಟರೀನಾ ಮತ್ತು ನಾವು

2020ರ ಏಪ್ರಿಲ್. ಜನತಾ ಕರ್ಫ್ಯೂಗೆ ಒಂದೆರಡು ದಿನ ಮೊದಲು ಸಿಕ್ಕ ಬಸ್ಸು ಹತ್ತಿ ಬೆಂಗಳೂರಿಂದ ಊರಿಗೆ ಬಂದಿದ್ದೆ. ಊರು ಅಂದ್ರೆ ಕತ್ತಲಗೆರೆ, ಚನ್ನಗಿರಿ ತಾಲ್ಲೂಕು. ಕೆಲಸ ಇರುತ್ತೋ ಹೋಗುತ್ತೋ ಗೊತ್ತಿಲ್ಲ, ಕೈಯಲ್ಲಿ ಫೋನು ಮಾತ್ರ ಇದೆ. ಆ ದಿನಗಳಲ್ಲಿ ಗೆಳತಿಯೊಬ್ಬಳು "ಇದನ್ನ ನೋಡು, ತಲೆ ಹಗುರ ಆಗುತ್ತೆ" ಅಂತ ಒಂದು ಜಪಾನಿ ಅನಿಮೆ ಹೆಸರು ಕಳಿಸಿದಳು. ಎಂಟು ವರ್ಷದ ಶ್ರೀಮಂತರ ಹುಡುಗಿಯೊಬ್ಬಳು ಅರಮನೆಯಂಥ ಮನೆಯ ತೋಟದಲ್ಲಿ ಗುದ್ದಲಿ ಹಿಡಿದು ನೆಲ ಅಗೀತಾ ಇರ್ತಾಳೆ. ಯಾಕೆ ಅಂದ್ರೆ, ಮುಂದೊಂದು ದಿನ ತನ್ನನ್ನ ಗಡಿಪಾರು ಮಾಡ್ತಾರೆ, ಆಗ ಹೊಟ್ಟೆಪಾಡಿಗೆ ಬೇಸಾಯ ಗೊತ್ತಿರಬೇಕು ಅಂತ!

ನಾನು ಒಬ್ಬಳೇ ನಗೋದು ನೋಡಿ ಅವ್ವ ಕೇಳಿದಳು: "ಏನೇ ಅದು, ಅಷ್ಟು ನಗ್ತೀಯ?" ಕತೆ ಹೇಳಿದೆ. ಪೂರ್ತಿ ಕೇಳಿ ಅವ್ವ ಒಂದು ಪ್ರಶ್ನೆ ಕೇಳಿದಳು. ಅದನ್ನ ಕೊನೆಗೆ ಹೇಳ್ತೀನಿ. ಈ ಬರಹಕ್ಕೆ ಆ ಪ್ರಶ್ನೆಯೇ ಕಾರಣ.

ಇತ್ತೀಚೆಗೆ ಅನಿಮೆ ನೋಡುವ, ಲೈಟ್ ನಾವೆಲ್ ಓದುವ ಕನ್ನಡದ ಹುಡುಗ ಹುಡುಗಿಯರು ಎಷ್ಟೋ ಜನ ಸಿಗ್ತಾರೆ. "ಇದೆಲ್ಲ ಟೈಂಪಾಸ್, ಇದರಲ್ಲಿ ರಾಜಕೀಯ ಏನಿದೆ?" ಅನ್ನೋರೂ ಸಿಗ್ತಾರೆ. ಪುನರ್ಜನ್ಮದ ಮಾತು ಬಂದ ಕಡೆ ರಾಜಕೀಯ ಇಲ್ಲದೆ ಇರೋಕೆ ಸಾಧ್ಯವಾ? ಅದರಲ್ಲೂ ನಮ್ಮ ದೇಶದಲ್ಲಿ? ಹಾಗಾಗಿ ಈ ಕಾದಂಬರಿ ಏನು, ಎಲ್ಲಿಂದ ಬಂತು, ನಮಗೆ ಯಾಕೆ ಮುಖ್ಯ ಅನ್ನೋದನ್ನ ಒಂದು ಕಡೆ ಬರೆದಿಡುತ್ತಿದ್ದೇನೆ.

ಕತೆ ಏನು?

ಕಾದಂಬರಿಯ ಪೂರ್ತಿ ಹೆಸರು ಒಂದು ವಾಕ್ಯದಷ್ಟು ಉದ್ದ. ಕನ್ನಡದಲ್ಲಿ ಹೇಳೋದಾದ್ರೆ: 'ಒತೊಮೆ ಗೇಮಿನಲ್ಲಿ ವಿನಾಶದ ಫ್ಲ್ಯಾಗುಗಳು ಮಾತ್ರ ಇರುವ ಖಳನಾಯಕಿಯಾಗಿ ಹುಟ್ಟಿಬಿಟ್ಟೆ'. ಜಪಾನಿನ ಅಭಿಮಾನಿಗಳು ಚಿಕ್ಕದಾಗಿ 'ಹಮೆಫುರಾ' ಅಂತಾರೆ. ಬರೆದವರು ಸತೋರು ಯಮಗುಚಿ.

ಕಟರೀನಾ ಕ್ಲಾಸ್ ಒಬ್ಬ ಡ್ಯೂಕ್‌ನ ಒಬ್ಬಳೇ ಮಗಳು. ಅತಿ ಮುದ್ದಿನಿಂದ ಹಟಮಾರಿಯಾಗಿ ಬೆಳೆದವಳು. ಎಂಟನೇ ವಯಸ್ಸಿನಲ್ಲಿ ಎಡವಿ ಬಿದ್ದು ಹಣೆಗೆ ಪೆಟ್ಟಾಗುತ್ತೆ. ಆ ಪೆಟ್ಟಿಗೆ ಹಿಂದಿನ ಜನ್ಮ ನೆನಪಾಗುತ್ತೆ. ಆಗ ಅವಳು ಜಪಾನಿನ 17 ವರ್ಷದ ಸಾಮಾನ್ಯ ಹುಡುಗಿ. ರಾತ್ರಿ ಗೇಮ್ ಆಡಿ, ಬೆಳಗ್ಗೆ ತಡವಾಗಿ ಎದ್ದು, ಶಾಲೆಗೆ ಓಡುವಾಗ ರಸ್ತೆ ಅಪಘಾತದಲ್ಲಿ ಸತ್ತವಳು. ಈಗ ತಾನು ಹುಟ್ಟಿರೋದು ಬೇರೆಲ್ಲೂ ಅಲ್ಲ, ಸಾಯೋ ಮುಂಚೆ ಆಡ್ತಿದ್ದ 'ಫಾರ್ಚೂನ್ ಲವರ್' ಅನ್ನೋ ಗೇಮಿನ ಒಳಗೆ ಅಂತ ಅವಳಿಗೆ ಹೊಳೆಯುತ್ತೆ. ಅದೂ ನಾಯಕಿಯಾಗಿ ಅಲ್ಲ, ನಾಯಕಿಗೆ ಕಾಟ ಕೊಡುವ ಖಳನಾಯಕಿಯಾಗಿ.

ಆ ಗೇಮಿನಲ್ಲಿ ಖಳನಾಯಕಿಗೆ ಇರೋದು ಎರಡೇ ದಾರಿ. ನಾಯಕಿಯ ಪ್ರೇಮ ಗೆದ್ದರೆ ಕಟರೀನಾ ಗಡಿಪಾರು. ಸೋತರೆ ಕಟರೀನಾ ಕೊಲೆ. ಅಂದ್ರೆ ನಾಯಕಿ ಗೆದ್ದರೂ ಇವಳಿಗೆ ಸೋಲು, ಸೋತರೂ ಇವಳಿಗೆ ಸೋಲು. ತಲೆಯೊಳಗೇ ನಾಲ್ಕಾರು ಕಟರೀನಾಗಳು ಸಭೆ ಕರೆದು ಚರ್ಚೆ ಮಾಡ್ತಾರೆ. ತೀರ್ಮಾನ ಹೀಗೆ: ಕೊಲ್ಲೋಕೆ ಬಂದರೆ ತಡೆಯೋಕೆ ಕತ್ತಿವರಸೆ ಕಲಿಯಬೇಕು. ರಾಜಕುಮಾರ ಜಿಯೋರ್ಡೊಗೆ ಹಾವು ಕಂಡರೆ ಭಯ, ಹಾಗಾಗಿ ಎಸೆಯೋಕೆ ಆಟಿಕೆ ಹಾವು ಮಾಡಿಟ್ಟುಕೊಳ್ಳಬೇಕು. ಮಣ್ಣಿನ ಮಂತ್ರಶಕ್ತಿ ಬೆಳೆಸಿಕೊಳ್ಳೋಕೆ ಮಣ್ಣಿನ ಜೊತೆ ಮಾತಾಡಬೇಕು. ಮಣ್ಣಿನ ಜೊತೆ ಮಾತಾಡೋದು ಅಂದ್ರೆ ಏನು? ಬೇಸಾಯ! ವರ್ಷಗಟ್ಟಲೆ ಅಗೆದ ಮೇಲೂ ಅವಳ ಮಂತ್ರಕ್ಕೆ ನೆಲ ಒಂದಿಷ್ಟು ಉಬ್ಬುತ್ತೆ, ಅಷ್ಟೇ. ತರಕಾರಿ ಮಾತ್ರ ಚೆನ್ನಾಗಿ ಬರುತ್ತೆ.

ಮೊದಲು ನಾಲ್ಕು ಪದ ತಿಳ್ಕೊಳ್ಳೋಣ

ಇಸೆಕಾಯ್: ಜಪಾನಿಯಲ್ಲಿ 'ಬೇರೆ ಲೋಕ' ಅಂತ ಅರ್ಥ. ನಮ್ಮ ಲೋಕದವರು ಬೇರೊಂದು ಲೋಕಕ್ಕೆ ಹೋಗುವ, ಇಲ್ಲವೇ ಅಲ್ಲಿ ಹುಟ್ಟುವ ಕತೆಗಳ ಪ್ರಕಾರಕ್ಕೇ ಈಗ ಈ ಹೆಸರು. 2024ರಲ್ಲಿ ಈ ಪದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿಗೂ ಸೇರಿತು.

ತೆನ್ಸೆಯ್: ಮರುಹುಟ್ಟು. ಈ ಪದಕ್ಕೆ ಬೌದ್ಧ ಹಿನ್ನೆಲೆ ಇದೆ. ಸಂಸಾರ ಚಕ್ರ, ಅಂದ್ರೆ ಹುಟ್ಟು ಸಾವುಗಳ ತಿರುಗಣೆಯ ಕಲ್ಪನೆ ನಮ್ಮ ಕಡೆಯಿಂದ ಚೀನಾ, ಕೊರಿಯಾ ದಾಟಿ 6ನೇ ಶತಮಾನದಲ್ಲಿ ಬೌದ್ಧ ಧರ್ಮದ ಜೊತೆ ಜಪಾನಿಗೆ ಹೋಯಿತು. ಈಗ ಅದು ವಿಡಿಯೋ ಗೇಮಿನ ವೇಷದಲ್ಲಿ ಕತ್ತಲಗೆರೆಯ ಒಂದು ಫೋನಿಗೆ ವಾಪಸ್ ಬಂದಿದೆ.

ಒತೊಮೆ ಗೇಮ್: 'ಒತೊಮೆ' ಅಂದ್ರೆ ಹರೆಯದ ಹುಡುಗಿ. ಹುಡುಗಿಯರಿಗಾಗಿ ಮಾಡಿದ ಪ್ರೇಮಕತೆಯ ಗೇಮ್ ಇದು. ಆಡುವವರು ನಾಯಕಿಯ ಜಾಗದಲ್ಲಿ ನಿಂತು ನಾಲ್ಕೈದು ಹುಡುಗರಲ್ಲಿ ಒಬ್ಬರ ಮನಸ್ಸು ಗೆಲ್ಲಬೇಕು. 1994ರಲ್ಲಿ ಕೋಯೆಯ್ ಕಂಪನಿಯ ಮಹಿಳಾ ತಂಡ ರೂಪಿಸಿದ 'ಏಂಜೆಲಿಕ್' ಈ ಬಗೆಯ ಮೊದಲ ಗೇಮ್.

ಫ್ಲ್ಯಾಗ್: ಗೇಮಿನಲ್ಲಿ ನೀವು ಒಂದು ಉತ್ತರ ಆರಿಸಿದಾಗ ಒಳಗೆಲ್ಲೋ ಒಂದು ಗುರುತು ಬೀಳುತ್ತೆ. ಮುಂದೆ ಕತೆ ಯಾವ ಕಡೆ ತಿರುಗಬೇಕು ಅಂತ ಆ ಗುರುತು ತೀರ್ಮಾನ ಮಾಡುತ್ತೆ. ವಿನಾಶದ ಫ್ಲ್ಯಾಗ್ ಅಂದ್ರೆ 'ಇದು ಬಿತ್ತು ಅಂದ್ರೆ ನಿನ್ನ ಕತೆ ಮುಗೀತು' ಅನ್ನೋ ಗುರುತು.

ನಮ್ಮಲ್ಲಿ ಇದಕ್ಕೆ ಹತ್ತಿರದ ಪದ ಇದೆ: ಹಣೆಬರಹ. ಮಗು ಹುಟ್ಟಿದ ಕೆಲವೇ ದಿನಕ್ಕೆ ಸೆಟವಿ ರಾತ್ರಿ ಬಂದು ಹಣೆ ಮೇಲೆ ಬರೆದು ಹೋಗ್ತಾಳೆ ಅನ್ನೋ ನಂಬಿಕೆ ಉತ್ತರ ಕರ್ನಾಟಕದ ಕಡೆ ಇದೆ. ಬರೆದದ್ದನ್ನ ಓದೋಕೆ ಮಾತ್ರ ಯಾರಿಗೂ ಬರಲ್ಲ. ಕಟರೀನಾಗೆ ಪೆಟ್ಟು ಬಿದ್ದಿದ್ದೂ ಹಣೆಗೇ. ಗಾಯದ ಗುರುತು ಉಳಿಯುತ್ತೆ, ಅದೇ ನೆಪದಲ್ಲಿ ರಾಜಕುಮಾರನ ಜೊತೆ ನಿಶ್ಚಿತಾರ್ಥವೂ ಆಗುತ್ತೆ. ಆದರೆ ಅವಳಿಗೆ ಒಂದು ಅನುಕೂಲ ಇದೆ. ತನ್ನ ಹಣೆಬರಹವನ್ನ ಅವಳು ಮೊದಲೇ ಓದಿಯಾಗಿದೆ, ಗೇಮ್ ಕಂಟ್ರೋಲರ್ ಹಿಡಿದು ಆಡಿಯೂ ಆಗಿದೆ.

ಎಲ್ಲಿಂದ ಬಂತು?

2004ರಲ್ಲಿ ಜಪಾನಿನಲ್ಲಿ 'ಶೋಸೆತ್ಸುಕಾ ನಿ ನಾರೋ' ಅನ್ನೋ ಜಾಲತಾಣ ಶುರುವಾಯಿತು. ಹೆಸರಿನ ಅರ್ಥ 'ಕಾದಂಬರಿಕಾರರಾಗೋಣ'. ಯಾರು ಬೇಕಾದರೂ ಪುಕ್ಕಟೆ ಬರೆಯಬಹುದು, ಯಾರು ಬೇಕಾದರೂ ಪುಕ್ಕಟೆ ಓದಬಹುದು. ಓದುಗರು ಅಂಕ ಕೊಡ್ತಾರೆ, ಮೇಲೆ ಬಂದ ಕತೆಗಳನ್ನ ಪ್ರಕಾಶಕರು ಕೊಂಡು ಪುಸ್ತಕ ಮಾಡ್ತಾರೆ. ಸಾವಿರಾರು ಹೆಸರುಗಳ ಪಟ್ಟಿಯಲ್ಲಿ ಓದುಗರ ಕಣ್ಣು ನಿಲ್ಲಬೇಕು ಅಂದ್ರೆ ಹೆಸರಲ್ಲೇ ಕತೆ ಹೇಳಬೇಕು. ಆ ಉದ್ದುದ್ದ ಹೆಸರುಗಳ ಗುಟ್ಟು ಇದು.

ಇಸೆಕಾಯ್ ಅಲೆ ಎದ್ದಿದ್ದು ಇಲ್ಲಿಂದಲೇ. 'ಮುಶೊಕು ತೆನ್ಸೆಯ್' 2012ರಲ್ಲಿ ಇಲ್ಲಿ ಶುರುವಾಯಿತು. ಕೆಲಸವಿಲ್ಲದೆ ಕೋಣೆಯೊಳಗೇ ಉಳಿದುಹೋದ ಗಂಡಸೊಬ್ಬ ಸತ್ತು ಮಂತ್ರಲೋಕದಲ್ಲಿ ಮಗುವಾಗಿ ಹುಟ್ಟುವ ಕತೆ ಅದು. ಆಫೀಸು ನೌಕರನೊಬ್ಬ ಲೋಳೆಮುದ್ದೆಯಂಥ ಜೀವಿಯಾಗಿ ಹುಟ್ಟುವ ಫ್ಯೂಸ್ ಅವರ 'ಸ್ಲೈಮ್' ಕತೆ 2013ರದು. ಯಮಗುಚಿ 'ಹಮೆಫುರಾ' ಬರೆಯೋಕೆ ಶುರು ಮಾಡಿದ್ದು 2014ರಲ್ಲಿ. 2015ರಲ್ಲಿ ಇಚಿಜಿನ್ಶಾ ಪ್ರಕಾಶನ ಅದನ್ನ ನಾಮಿ ಹಿದಕಾ ಅವರ ಚಿತ್ರಗಳ ಜೊತೆ ಲೈಟ್ ನಾವೆಲ್ ಆಗಿ ತಂದಿತು. ಲೈಟ್ ನಾವೆಲ್ ಅಂದ್ರೆ ಅಂಗೈಯಗಲದ, ಮಂಗಾ ಶೈಲಿಯ ಚಿತ್ರಗಳಿರುವ, ಹರೆಯದವರಿಗಾಗಿ ಸರಳವಾಗಿ ಬರೆದ ಪುಸ್ತಕ. 2020ರ ಏಪ್ರಿಲ್‌ನಲ್ಲಿ ಅನಿಮೆ ಬಂತು. ಜಗತ್ತೆಲ್ಲ ಬಾಗಿಲು ಹಾಕಿಕೊಂಡು ಕೂತಿದ್ದ ತಿಂಗಳು ಅದು.

ಈ ಕತೆಗಳ ನಾಯಕರು ಯಾಕೆ ಸಾಯಲೇಬೇಕು? 1990ರ ದಶಕದ ಶುರುವಿನಲ್ಲಿ ಜಪಾನಿನ ಆರ್ಥಿಕ ಗುಳ್ಳೆ ಒಡೆಯಿತು. ಆಮೇಲೆ ಕಾಲೇಜು ಮುಗಿಸಿದ ಒಂದು ತಲೆಮಾರಿಗೆ ಕಾಯಂ ಕೆಲಸ ಸಿಗಲಿಲ್ಲ. ಆ ಕಾಲವನ್ನ ಅಲ್ಲಿ 'ನೌಕರಿಯ ಹಿಮಯುಗ' ಅಂತಲೇ ಕರೀತಾರೆ. ಅತಿ ದುಡಿಮೆಯಿಂದ ಸಾಯೋದಕ್ಕೆ 'ಕರೋಶಿ' ಅನ್ನೋ ಪದವೇ ಇದೆ. ಈ ಜನ್ಮದಲ್ಲಿ ಏನೂ ಬದಲಾಗಲ್ಲ ಅನ್ನಿಸಿದಾಗ ಮುಂದಿನ ಜನ್ಮದ ಕತೆ ರುಚಿಸುತ್ತೆ. ಗೇಮಿನಲ್ಲಿ ಪಟ್ಟ ಕಷ್ಟಕ್ಕೆ ತಕ್ಕ ಅಂಕ ಸಿಗುತ್ತೆ, ಬದುಕಲ್ಲಿ ಸಿಗಲ್ಲ. ಕೆಪಿಎಸ್‌ಸಿ ಅಧಿಸೂಚನೆಗೆ ಕಾದು ಕಾದು ವಯೋಮಿತಿ ಮೀರಿಹೋದ ನಮ್ಮ ಹುಡುಗರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಜಾತಿಸ್ಮರಣೆ ಅನ್ನೋ ಹಳೆಯ ಪದ

ಪೆಟ್ಟು ತಿಂದು ಹಿಂದಿನ ಜನ್ಮ ನೆನಪಾಗೋದು ಕನ್ನಡಕ್ಕೆ ಹೊಸದಲ್ಲ. 10ನೇ ಶತಮಾನದಲ್ಲಿ ಪಂಪ ಬರೆದ 'ಆದಿಪುರಾಣ'ದಲ್ಲಿ ಶ್ರೀಮತಿ ಅನ್ನೋ ರಾಜಕುಮಾರಿ ಇದ್ದಾಳೆ. ಆಕಾಶದಲ್ಲಿ ದೇವತೆಗಳು ಹೋಗೋದು ಕಂಡು ಮೂರ್ಛೆ ಬೀಳ್ತಾಳೆ. ಎಚ್ಚರವಾದಾಗ ತಾನು ಹಿಂದೆ ಸ್ವಯಂಪ್ರಭೆಯಾಗಿದ್ದುದು, ಲಲಿತಾಂಗ ತನ್ನ ನಲ್ಲನಾಗಿದ್ದುದು ನೆನಪಾಗುತ್ತೆ. ಹಳೆಯ ಜನ್ಮದ ಚಿತ್ರದ ಮೂಲಕವೇ ಅವನ ಈಗಿನ ಹುಟ್ಟನ್ನ ಹುಡುಕಿಸ್ತಾಳೆ.

ಜನ್ನನ 'ಯಶೋಧರ ಚರಿತೆ' (1209) ಇನ್ನೂ ಮುಂದೆ ಹೋಗುತ್ತೆ. ಹಿಟ್ಟಿನ ಕೋಳಿಯೊಂದನ್ನ ಬಲಿ ಕೊಟ್ಟ ತಪ್ಪಿಗೆ ರಾಜ ಯಶೋಧರ, ಅವನ ತಾಯಿ ಚಂದ್ರಮತಿ ನವಿಲಾಗಿ, ನಾಯಿಯಾಗಿ, ಹೀಗೆ ಜನ್ಮದ ಮೇಲೆ ಜನ್ಮ ತಳೆದು ಕೊನೆಗೆ ಅಭಯರುಚಿ, ಅಭಯಮತಿ ಅನ್ನೋ ಅಣ್ಣ ತಂಗಿಯಾಗಿ ಹುಟ್ತಾರೆ. ಅವರನ್ನ ಚಂಡಮಾರಿಗೆ ಬಲಿ ಕೊಡೋಕೆ ಎಳೆದು ತಂದಾಗ ತಮ್ಮ ಹಿಂದಿನ ಜನ್ಮಗಳ ಕತೆ ಹೇಳ್ತಾರೆ. ಕೇಳಿದ ರಾಜ ಮಾರಿದತ್ತ ಬಲಿಯನ್ನೇ ನಿಲ್ಲಿಸ್ತಾನೆ.

ಹೀಗೆ ಹಿಂದಿನ ಜನ್ಮ ನೆನಪಾಗೋದಕ್ಕೆ ನಮ್ಮ ಹಳೆಯ ಕವಿಗಳು ಬಳಸಿದ ಪದ 'ಜಾತಿಸ್ಮರಣೆ'. ಅಲ್ಲಿ 'ಜಾತಿ' ಅಂದ್ರೆ ಹುಟ್ಟು, ಅಷ್ಟೇ. ಅದೇ ಪದ ಇವತ್ತು ನಮ್ಮ ಊರಿನಲ್ಲಿ ಯಾರು ಎಲ್ಲಿ ಕೂರಬೇಕು, ಯಾರ ಮನೆಗೆ ಯಾರು ಹೆಣ್ಣು ಕೊಡಬೇಕು ಅಂತ ತೀರ್ಮಾನ ಮಾಡುತ್ತೆ. ಹಿಂದಿನ ಜನ್ಮ ಯಾರಿಗೂ ನೆನಪಿಲ್ಲ. ಆದರೂ "ಪೂರ್ವಜನ್ಮದಲ್ಲಿ ಪಡ್ಕೊಂಡು ಬಂದಿದ್ದು" ಅನ್ನೋ ಮಾತು ಮಾತ್ರ ಎಲ್ಲರ ಬಾಯಲ್ಲಿದೆ.

ಅಂಬೇಡ್ಕರ್ ಇದನ್ನ ನೇರವಾಗಿ ಹಿಡಿದರು. ಅವರು ತೀರಿಕೊಂಡ ಮೇಲೆ 1957ರಲ್ಲಿ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ, ಬಡವರ ಸ್ಥಿತಿಗೆ ಅವರ ಹಿಂದಿನ ಜನ್ಮದ ಕರ್ಮವೇ ಕಾರಣ ಅನ್ನೋ ಸಿದ್ಧಾಂತ ಯಾರಿಗೆ ಅನುಕೂಲ ಅಂತ ಕೇಳ್ತಾರೆ. ಸರ್ಕಾರ ಮತ್ತು ಸಮಾಜ ತಮ್ಮ ಹೊಣೆಯಿಂದ ನುಣುಚಿಕೊಳ್ಳೋಕೆ ಅದು ದಾರಿ ಮಾಡಿಕೊಡುತ್ತೆ ಅನ್ನೋದು ಅವರ ವಾದ. ಆತ್ಮವೇ ಇಲ್ಲ ಅಂದ ಬುದ್ಧ ಅಂಥ ಕರ್ಮವನ್ನ ಬೋಧಿಸಿರೋಕೆ ಸಾಧ್ಯವಿಲ್ಲ ಅಂತಾರೆ.

ಇನ್ನೂ ಹಿಂದೆ, 12ನೇ ಶತಮಾನದ ಶರಣರು ಇದಕ್ಕೆ ಬೇರೆಯದೇ ಉತ್ತರ ಕೊಟ್ಟಿದ್ದರು. ಮರುಹುಟ್ಟಿಗೆ ಸಾಯೋ ತನಕ ಕಾಯಬೇಕಿಲ್ಲ ಅಂದರು. ಲಿಂಗದೀಕ್ಷೆ ಆದವರು ಈ ದೇಹದಲ್ಲೇ ಪುನರ್ಜಾತರು, ಆಮೇಲೆ ಅವರ ಪೂರ್ವಾಶ್ರಯ ಕೇಳುವಂತಿಲ್ಲ. ಜನನ ಸೂತಕ, ಜಾತಿ ಸೂತಕ ಸೇರಿ ಐದು ಸೂತಕಗಳನ್ನ ತಳ್ಳಿಹಾಕಿದರು. ಅದನ್ನ ನಂಬಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆ ಆದಾಗ ಕಲ್ಯಾಣದಲ್ಲಿ ಏನಾಯಿತು ಅನ್ನೋದು ನಿಮಗೆಲ್ಲ ಗೊತ್ತು.

ಹಾಗಾಗಿ ಮರುಹುಟ್ಟಿನ ಕತೆ ಯಾವುದೇ ಇರಲಿ, ಅದಕ್ಕೆ ನಾನು ಹಾಕುವ ಪ್ರಶ್ನೆ ಒಂದೇ. ಇದು 'ನೀನಿರೋ ಜಾಗಕ್ಕೆ ನೀನೇ ಕಾರಣ' ಅನ್ನುತ್ತಾ, ಅಥವಾ 'ನೀನಿರೋ ಜಾಗವನ್ನ ಯಾರೋ ಬರೆದಿದ್ದಾರೆ, ತಿದ್ದಬಹುದು' ಅನ್ನುತ್ತಾ? ಕಟರೀನಾಳ ಕತೆ ಎರಡನೇ ಗುಂಪಿನದು. ತಾನು ಖಳನಾಯಕಿಯಾಗಿ ಹುಟ್ಟಿದ್ದು ಯಾವ ಪಾಪಕ್ಕೆ ಅಂತ ಅವಳು ಒಮ್ಮೆಯೂ ಯೋಚಿಸಲ್ಲ. ಯಾರೋ ಗೇಮ್ ಬರೆದರು, ಅದರಲ್ಲಿ ತನಗೆ ಈ ಪಾತ್ರ ಬಂತು, ಈಗ ಬಚಾವಾಗೋದು ಹೇಗೆ? ಅಲ್ಲಿಂದ ಅವಳ ಲೆಕ್ಕ ಶುರು.

ಹುಟ್ಟೇ ತಪ್ಪಾದವರ ಗುಂಪು

ಎರಡನೇ ಸಲ ಓದುವಾಗ ನನಗೆ ಕಂಡಿದ್ದು ಇದು. ಕಟರೀನಾ ಸುತ್ತ ಸೇರುವ ಮಕ್ಕಳಲ್ಲಿ ಹೆಚ್ಚಿನವರು ಹುಟ್ಟಿನ ಕಾರಣಕ್ಕೇ ಮಾತು ಕೇಳಿದವರು.

ದತ್ತು ತಮ್ಮ ಕೀತ್ ಮದುವೆಯಾಚೆ ಹುಟ್ಟಿದವನು. ಅವನ ಶಕ್ತಿಗೆ ಹೆದರಿ ಎಲ್ಲರೂ ದೂರ ಇಟ್ಟಿರ್ತಾರೆ. ಮೇರಿ ಹಂಟ್ ಎರಡನೇ ಹೆಂಡತಿಯ ಮಗಳು, ಅಕ್ಕಂದಿರಿಂದ ಹೀಯಾಳಿಸಿಕೊಂಡು ಬೆಳೆದವಳು. ಸೋಫಿಯಾಳದು ಬಿಳಿ ಕೂದಲು, ಕೆಂಪು ಕಣ್ಣು, ಹಾಗಾಗಿ ಶಾಪಗ್ರಸ್ತಳು ಅನ್ನೋ ಹೆಸರು. ಇನ್ನು ಗೇಮಿನ ನಾಯಕಿ ಮಾರಿಯಾ ಕ್ಯಾಂಪ್‌ಬೆಲ್. ಆ ರಾಜ್ಯದಲ್ಲಿ ಮಂತ್ರಶಕ್ತಿ ಬರೋದು ಹೆಚ್ಚಾಗಿ ಕುಲೀನರಿಗೆ. ಸಾಮಾನ್ಯರ ಮನೆಯ ಮಾರಿಯಾಗೆ ಬೆಳಕಿನ ಶಕ್ತಿ ಬಂದಾಗ ಊರವರು ಏನಂದರು ಗೊತ್ತಾ? ಇವಳ ತಾಯಿ ಯಾವನೋ ದೊಡ್ಡ ಮನುಷ್ಯನ ಸಹವಾಸ ಮಾಡಿರಬೇಕು ಅಂದರು. ಕೆಳಗಿನವರ ಮಗು ಜಾಣ ಆದರೆ ತಾಯಿಯ ನಡತೆ ಮೇಲೆ ಅನುಮಾನ! ಈ ಸಾಲು ಓದಿದಾಗ ನನಗೆ ಇದು ಜಪಾನಿನ ಕತೆ ಅನ್ನಿಸಲಿಲ್ಲ.

ಕಟರೀನಾ ಇವರಿಗೆಲ್ಲ ಏನು ಮಾಡ್ತಾಳೆ? ದೊಡ್ಡ ಭಾಷಣ ಮಾಡಲ್ಲ. ಕೀತ್‌ನನ್ನ ಕೈ ಹಿಡಿದು ಆಟಕ್ಕೆ ಎಳೀತಾಳೆ. ಗಿಡ ಬೆಳೆಸೋದರಲ್ಲಿ ಮೇರಿಯ ಕೈಗುಣ ಹೊಗಳ್ತಾಳೆ. ಸೋಫಿಯಾಳ ಕೂದಲು ನೋಡಿ ಚೆಂದ ಇದೆ ಅಂತಾಳೆ, ಮುಟ್ಟಬಹುದಾ ಅಂತ ಕೇಳ್ತಾಳೆ. ಮಾರಿಯಾ ಮಾಡಿದ ತಿಂಡಿಯನ್ನ ಚಪ್ಪರಿಸಿ ತಿಂತಾಳೆ. ಮುಟ್ಟೋದು, ಜೊತೆಗೆ ಉಣ್ಣೋದು. ಇವೆರಡನ್ನೇ ತಾನೇ ನಮ್ಮ ಊರುಗಳು ತಲೆತಲಾಂತರದಿಂದ ತಡೆದಿದ್ದು?

ತಮಾಷೆ ಏನಂದ್ರೆ ಇದನ್ನೆಲ್ಲ ಅವಳು ಅರಿವಿಟ್ಟು ಮಾಡ್ತಿಲ್ಲ. ಎಲ್ಲರೂ ತನ್ನನ್ನ ಪ್ರೀತಿಸ್ತಿದ್ದಾರೆ ಅನ್ನೋದೂ ಕೊನೆವರೆಗೆ ಅವಳಿಗೆ ತಿಳಿಯಲ್ಲ. ಇನ್ನೂ ಹಾವು ಎಸೆಯೋದು ಹೇಗೆ ಅಂತಲೇ ಯೋಚಿಸ್ತಿರ್ತಾಳೆ. ಪುಸ್ತಕದ ನಗುವೆಲ್ಲ ಇರೋದು ಅಲ್ಲಿ.

ಜಪಾನಿಗೂ ಹುಟ್ಟಿನ ಲೆಕ್ಕ ಗೊತ್ತು

ಜಪಾನಿನಲ್ಲಿ ಜಾತಿ ಇಲ್ಲ ಅಂತ ನಾವು ಅಂದುಕೊಂಡಿರ್ತೀವಿ. ಅಲ್ಲಿ ಬುರಾಕು ಸಮುದಾಯ ಇದೆ. ಸತ್ತ ಪ್ರಾಣಿಗಳ ಕೆಲಸ, ಚರ್ಮದ ಕೆಲಸ ಮಾಡ್ತಿದ್ದವರ ವಂಶದವರು ಅನ್ನೋ ಕಾರಣಕ್ಕೆ ದೂರ ಇಟ್ಟ ಜನ. 1871ರಲ್ಲಿ ಸರ್ಕಾರ ಕಾಗದದ ಮೇಲೆ ಭೇದ ತೆಗೆಯಿತು. 1906ರಲ್ಲಿ ಬಂದ ತೋಸೊನ್ ಶಿಮಝಾಕಿ ಅವರ 'ಹಕಾಯ್' ಕಾದಂಬರಿಯ ನಾಯಕ ತನ್ನ ಹುಟ್ಟನ್ನ ಬಚ್ಚಿಟ್ಟು ಬದುಕುವ ಬುರಾಕು ಮೇಷ್ಟ್ರು. 1922ರಲ್ಲಿ ಬುರಾಕು ಯುವಕರು 'ಸುಯ್‌ಹೆಯ್‌ಶಾ' ಸಂಘಟನೆ ಕಟ್ಟಿದರು. ಆದರೂ 1975ರಲ್ಲಿ ಬುರಾಕು ಕೇರಿಗಳ ಹೆಸರಿನ ಗುಪ್ತ ಪಟ್ಟಿಗಳನ್ನ ಕಂಪನಿಗಳು ಕೊಂಡಿದ್ದು ಬಯಲಾಯಿತು. ಕೆಲಸಕ್ಕೆ ಬಂದವರ ಕೇರಿ ಯಾವುದು ಅಂತ ನೋಡೋಕೆ.

ಇನ್ನೊಂದು ಹೊಸ ಪದ ಕೇಳಿ: 'ಒಯಾ ಗಾಚಾ'. ಒಯಾ ಅಂದ್ರೆ ತಂದೆ ತಾಯಿ. ಗಾಚಾ ಅಂದ್ರೆ ನಾಣ್ಯ ಹಾಕಿ ತಿರುಗಿಸಿದರೆ ಯಾವುದೋ ಒಂದು ಆಟಿಕೆ ಉದುರುವ ಯಂತ್ರ, ಮೊಬೈಲ್ ಗೇಮುಗಳಲ್ಲೂ ಇರುತ್ತೆ. ಯಾವ ಮನೆಯಲ್ಲಿ ಹುಟ್ತೀವಿ ಅನ್ನೋದು ಲಾಟರಿ ಅಂತ ಈ ಪದದ ಅರ್ಥ. 2021ರಲ್ಲಿ ಇದು ಜಪಾನಿನ ವರ್ಷದ ಹತ್ತು ಜನಪ್ರಿಯ ಹೊಸ ಪದಗಳಲ್ಲಿ ಒಂದಾಯಿತು. ಇಸೆಕಾಯ್ ಕಾದಂಬರಿಯ ಮರುಹುಟ್ಟು ಒಂದರ್ಥದಲ್ಲಿ ಗಾಚಾವನ್ನ ಎರಡನೇ ಸಲ ತಿರುಗಿಸುವ ಅವಕಾಶ.

ಇದನ್ನ ಬರೆಯುವಾಗ ನನಗೆ ರೋಹಿತ್ ವೇಮುಲ ನೆನಪಾಗ್ತಾರೆ. ಹೈದರಾಬಾದ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ, 2016ರ ಜನವರಿ 17ರಂದು ನಮ್ಮನ್ನ ಬಿಟ್ಟು ಹೋದರು. ತಮ್ಮ ಹುಟ್ಟೇ ತಮ್ಮ ಪಾಲಿನ ಮಾರಕ ಅಪಘಾತ ಅನ್ನೋ ಅರ್ಥದ ಮಾತು ಅವರ ಕೊನೆಯ ಪತ್ರದಲ್ಲಿತ್ತು. ಇಸೆಕಾಯ್ ಕತೆಯಲ್ಲಿ ಅಪಘಾತ ಆದ ಮೇಲೆ ಹೊಸ ಹುಟ್ಟು ಬರುತ್ತೆ. ನಮ್ಮಲ್ಲಿ ಕೆಲವರಿಗೆ ಹುಟ್ಟನ್ನೇ ಅಪಘಾತ ಮಾಡಿಟ್ಟಿದ್ದೀವಿ. ಇಲ್ಲಿ ಎರಡನೇ ಗಾಚಾ ಇಲ್ಲ. ತಿದ್ದೋದಿದ್ದರೆ ಈ ಸುತ್ತಿನಲ್ಲೇ ತಿದ್ದಬೇಕು.

ಅವ್ವನ ಪ್ರಶ್ನೆ

ಈಗ ಅವ್ವ ಕೇಳಿದ ಪ್ರಶ್ನೆಗೆ ಬರ್ತೀನಿ. ಕಟರೀನಾ ಕತೆ ಪೂರ್ತಿ ಕೇಳಿ ಅವ್ವ ಅಂದಿದ್ದು ಇಷ್ಟು: "ಅಲ್ಲ ಕಣೇ, ಅವಳ ಹೊಲದಲ್ಲಿ ಕಳೆ ತೆಗೆಯೋರು ಯಾರು?"

ನಮ್ಮೂರಲ್ಲಿ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರ ಇದೆ, ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಭದ್ರಾ ನಾಲೆ ನೀರು ಬರುತ್ತೆ. ಭತ್ತ ಇದೆ, ಅಡಿಕೆ ಇದೆ. ನಮ್ಮ ಮನೆಗೆ ಮಾತ್ರ ಗದ್ದೆ ಇಲ್ಲ. ಅವ್ವ ಬುದ್ಧಿ ಬಂದಾಗಿಂದ ಬೇರೆಯವರ ಗದ್ದೆಗೆ ನಾಟಿಗೆ, ಕಳೆಗೆ ಹೋಗ್ತಾಳೆ. ಬೆಳಗ್ಗೆಯಿಂದ ಸಂಜೆವರೆಗೆ ಮೊಣಕಾಲುದ್ದ ಕೆಸರಲ್ಲಿ ಬಗ್ಗಿಕೊಂಡಿದ್ದು ಬಂದ ಮೇಲೆ ಅವಳ ಸೊಂಟ ನೆಟ್ಟಗಾಗೋಕೆ ಅರ್ಧ ಗಂಟೆ ಬೇಕು. ಹೆಣ್ಣಾಳಿಗೆ ಕೊಡೋ ಕೂಲಿ ಗಂಡಾಳಿಗಿಂತ ಕಡಿಮೆ. ಸಮಾನ ವೇತನ ಕಾಯ್ದೆ ಬಂದಿದ್ದು 1976ರಲ್ಲಿ.

ಕಟರೀನಾ ಗುದ್ದಲಿ ಹಿಡಿದರೆ ನಾವು ನಗ್ತೀವಿ, ಯಾಕಂದ್ರೆ ಡ್ಯೂಕ್ ಮಗಳು ಅದನ್ನ ಹಿಡಿಯಬೇಕಾಗಿಲ್ಲ. ಅವ್ವ ಹಿಡಿದರೆ ಅದರಲ್ಲಿ ನಗೋಕೆ ಏನೂ ಇಲ್ಲ. ಕಟರೀನಾ ಜೊತೆಗೆ ಆನ್ ಅನ್ನೋ ಸೇವಕಿ ಇರ್ತಾಳೆ, ಗಾಬರಿಯಿಂದ ನೋಡ್ತಾ, ಬಟ್ಟೆ ಕೊಳೆಯಾಗುತ್ತೆ ಅಂತ ಬೇಡ್ತಾ. ಸಂಜೆ ಆ ಬಟ್ಟೆ ಒಗೆಯೋರು ಯಾರು ಅಂತ ಕತೆ ಹೇಳಲ್ಲ. ಡ್ಯೂಕ್‌ನ ಸಂಪತ್ತು ಯಾವ ರೈತರ ದುಡಿಮೆಯಿಂದ ಬಂತು ಅಂತಲೂ ಹೇಳಲ್ಲ. ಅವಳು ತನ್ನ ಹಣೆಬರಹ ತಿದ್ದಿಕೊಂಡಳು, ಗೆಳೆಯರ ಮನಸ್ಸಿನ ಗಾಯ ವಾಸಿ ಮಾಡಿದಳು. ಗೇಮ್ ಮಾತ್ರ ಹಾಗೇ ಉಳಿಯಿತು. ರಾಜ ರಾಜನೇ, ಡ್ಯೂಕ್ ಡ್ಯೂಕೇ.

ಇದನ್ನ ಹೇಳೋಕೆ ಇನ್ನೊಂದು ಕಾರಣ ಇದೆ. ನಾನು ಆ ಅನಿಮೆ ನೋಡಿ ಮುಗಿಸಿದ ಮರುತಿಂಗಳು, 2020ರ ಜುಲೈನಲ್ಲಿ, ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದು ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನ ತೆಗೆದುಹಾಕಿತು. ಹೊರಗಿನ ಆದಾಯ ಮಿತಿ ಮೀರಿದವರು, ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳದಂತೆ ತಡೆದಿದ್ದ ಕಲಂಗಳು ಅವು. 1974ರ ತಿದ್ದುಪಡಿಯ ಕಾಲದಲ್ಲಿ ಉಳುವವನೇ ಹೊಲದೊಡೆಯ ಅಂತ ಹೇಳಿದ ರಾಜ್ಯ ಇದು. ಈಗ ಯಾರು ಬೇಕಾದರೂ ಹೊಲ ಕೊಂಡು ಭಾನುವಾರ ಗುದ್ದಲಿ ಹಿಡಿದು ಫೋಟೋ ತೆಗೆಸಿಕೊಳ್ಳಬಹುದು. ಉಳಿದ ಆರು ದಿನ ಕಳೆ ತೆಗೆಯೋರು ಯಾರು ಅನ್ನೋದು ಅವ್ವನ ಪ್ರಶ್ನೆಯೇ.

ಹಾಗಾದ್ರೆ ಓದಬೇಕಾ?

ಓದಿ. ನಾನು ಈ ಪುಸ್ತಕವನ್ನ ಪ್ರೀತಿಸ್ತೀನಿ, ಅದಕ್ಕೇ ಇಷ್ಟು ಜಗಳ ಆಡ್ತಿದ್ದೀನಿ. ಇಂಗ್ಲಿಷ್ ಅನುವಾದ ಜೆ-ನಾವೆಲ್ ಕ್ಲಬ್ ಮೂಲಕ ಇ-ಪುಸ್ತಕವಾಗಿ ಸಿಗುತ್ತೆ. ಮೊದಲ ಎರಡು ಸಂಪುಟಗಳಲ್ಲಿ ಗೇಮಿನ ಕತೆ ಒಂದು ಸುತ್ತು ಮುಗಿಯುತ್ತೆ, ಅಲ್ಲಿಗೆ ನಿಲ್ಲಿಸಿದರೂ ಅರ್ಧಕ್ಕೆ ಬಿಟ್ಟಂತಾಗಲ್ಲ. ಅನಿಮೆಯ ಮೊದಲ ಸೀಸನ್‌ನ 12 ಕಂತುಗಳೂ ಅಷ್ಟನ್ನೇ ಹೇಳುತ್ತವೆ. 2021ರಲ್ಲಿ ಎರಡನೇ ಸೀಸನ್, 2023ರ ಡಿಸೆಂಬರ್‌ನಲ್ಲಿ ಸಿನಿಮಾ ಬಂದವು. ನಾಮಿ ಹಿದಕಾ ಅವರದೇ ಮಂಗಾ ಕೂಡ ಇದೆ.

ಇಷ್ಟವಾದರೆ ಅದರ ಬೆನ್ನಿಗೇ ಜನ್ನನ 'ಯಶೋಧರ ಚರಿತೆ'ಯನ್ನ ಗದ್ಯಾನುವಾದದಲ್ಲಾದರೂ ಓದಿ. ಎಂಟು ನೂರು ವರ್ಷದ ಹಿಂದೆ ಕನ್ನಡದಲ್ಲಿ ಇಬ್ಬರು ಮಕ್ಕಳು ಹಿಂದಿನ ಜನ್ಮದ ನೆನಪು ಹೇಳಿ ರಾಜನ ಕೈಯಿಂದ ಕತ್ತಿ ಇಳಿಸಿದ್ದಾರೆ. ಕಟರೀನಾ ಅಷ್ಟು ದೂರ ಹೋಗಲ್ಲ.

ಅಂದಹಾಗೆ ನಮ್ಮೂರಿಗೂ ಒಂದು ಮರುಹುಟ್ಟಿನ ಕತೆ ಇದೆ. 1997ರ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆ ಆದಾಗ ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗ ಬಿಟ್ಟು ಇಲ್ಲಿಗೆ ಸೇರಿದವು. ಜಗಳೂರು ಚಿತ್ರದುರ್ಗದಿಂದ ಬಂತು. ಒಂದು ರಾತ್ರಿಯಲ್ಲಿ ಊರಿನ ವಿಳಾಸ ಬದಲಾಯಿತು. ಅವ್ವನ ಕೂಲಿ ಮರುದಿನವೂ ಅಷ್ಟೇ ಇತ್ತು.

ಮೊನ್ನೆ ಊರಿಗೆ ಹೋದಾಗ ಅವ್ವ ತಾನಾಗೇ ಕೇಳಿದಳು: "ಆ ಗುದ್ದಲಿ ಹುಡುಗಿ ಏನಾದಳೇ, ಗಡಿಪಾರು ಮಾಡಿದ್ರಾ?" ಇಲ್ಲ ಕಣವ್ವ, ಎಲ್ಲರೂ ಅವಳನ್ನ ಇಷ್ಟಪಟ್ಟರು, ಅರಮನೆಯಲ್ಲೇ ಇದ್ದಾಳೆ ಅಂದೆ. ಅವ್ವನಿಗೆ ಖುಷಿಯಾಯಿತು. "ಪಾಪ, ಮಗು ಒಳ್ಳೇದು. ನಾಟಿ ಶುರುವಾದ ಮೇಲೆ ಕರ್ಕೊಂಡು ಬಾ, ನಮ್ಮ ಗುಂಪಿಗೆ ಒಂದಾಳು ಕಮ್ಮಿ ಇದೆ" ಅಂದಳು.